ಆರು ಕೊರಳಿನ ಪೆಟ್ಟಿಗೆಗೆ ಗಿರಾಕಿ

ಗಿರಾಕಿ ಬಂದದ್ದು ಒಂದು ಶನಿವಾರ ಸಂಜೆ. ಇಪ್ಪತ್ತೈದು ಇಪ್ಪತ್ತಾರರ ಹುಡುಗ, ಕಿರುಚಿತ್ರಗಳಿಗೆ ಸಂಗೀತ ಮಾಡುತ್ತಾನೆ. ಚಪ್ಪಲಿ ಬಿಟ್ಟು ಒಳಗೆ ಬಂದವನು ಕಾಫಿ ಬೇಡವೆಂದ, ನೀರೂ ಬೇಡವೆಂದ. ಕಣ್ಣೆಲ್ಲ ಮೂಲೆಯ ಟೇಬಲ್ಲಿನ ಮೇಲೆ. ಅಲ್ಲಿದ್ದ ಪೆಟ್ಟಿಗೆಗೆ ಹಳೇ ಪಂಚೆ ಹೊದಿಸಿದ್ದೆ. ಪಂಚೆ ಸರಿಸಿದಾಗ, ಗರ್ಭಗುಡಿಯ ಪರದೆ ತೆಗೆದಾಗ ಭಕ್ತರು ಮಾಡುವ ಮುಖವನ್ನೇ ಮಾಡಿದ.

‘ಒಂದು ಮೂವತ್ತು ಕೊಡ್ತೀನಿ ಸಾರ್.’

ಅಂದರೆ ಒಂದು ಲಕ್ಷದ ಮೂವತ್ತು ಸಾವಿರ. ‘ಯೋಚನೆ ಮಾಡಿ ಹೇಳ್ತೀನಪ್ಪ’ ಎಂದೆ. ಅದಾಗಿ ಏಳು ವಾರವಾಯಿತು.

ಪೆಟ್ಟಿಗೆಯ ಹೆಸರು ಜುನೋ-106. ಜಪಾನಿನ ರೋಲ್ಯಾಂಡ್ ಕಂಪನಿ 1984ರಲ್ಲಿ ಹೊರತಂದ ಅನಲಾಗ್ ಸಿಂಥಸೈಜರ್. ನನಗದು ಸಿಕ್ಕಿದ್ದು ಅದು ಹುಟ್ಟಿ ಹತ್ತು ವರ್ಷವಾದ ಮೇಲೆ, ಬೆಂಗಳೂರಿನ ಆರ್ಕೆಸ್ಟ್ರಾ ಒಂದರ ಕೀಬೋರ್ಡ್ ವಾದಕರಿಂದ, ಎಂಟು ಸಾವಿರ ರೂಪಾಯಿಗೆ. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ರಿಸೆಪ್ಷನ್ನುಗಳಲ್ಲಿ ನುಡಿಸುತ್ತಿದ್ದವರು. ಸಿನಿಮಾ ಹಾಡಿನ ಮಧ್ಯೆ ಕೊಳಲು ಬಂದರೆ ಅದು ಕೊಳಲಿನ ಹಾಗೇ ಕೇಳಬೇಕು, ಇಲ್ಲದಿದ್ದರೆ ಮುಂದಿನ ಸಾಲಿನವರು ಸುಮ್ಮನಿರುವುದಿಲ್ಲ. ಅವರು ಆಗಷ್ಟೇ ಹೊಸ ಡಿಜಿಟಲ್ ಕೀಬೋರ್ಡ್ ಕೊಂಡಿದ್ದರು. ‘ಇದ್ರಲ್ಲಿ ಕೊಳಲಿಲ್ಲ, ತಬಲಾ ಇಲ್ಲ, ಶಹನಾಯಿ ಇಲ್ಲ. ಬರೀ ವುಂಯ್ ಅನ್ನುತ್ತೆ. ನಿಮ್ಮ ನಾಟಕಕ್ಕೆ ಆಗುತ್ತೆ, ತಗೊಂಡು ಹೋಗಿ’ ಎಂದರು. ಹವ್ಯಾಸಿ ನಾಟಕಗಳಿಗೆ ಹಿನ್ನೆಲೆ ಧ್ವನಿ ಮಾಡುತ್ತಿದ್ದ ನನಗೆ ಬೇಕಿದ್ದದ್ದೂ ಆ ವುಂಯ್ ಒಂದೇ.

ಆ ವುಂಯ್ ಹುಟ್ಟುವ ಬಗೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಲೆಕ್ಕಾಚಾರಕ್ಕೆ ಅದು ಬೇಕು. ಹಾರ್ಮೋನಿಯಂನಲ್ಲಿ ತಿದಿಯ ಗಾಳಿ ರೀಡನ್ನು ನಡುಗಿಸುತ್ತದೆ. ಇಲ್ಲಿ ನಡುಗುವುದು ಕರೆಂಟೇ. ಆಸಿಲೇಟರ್ ಎಂಬ ಭಾಗ ವೋಲ್ಟೇಜನ್ನು ಸೆಕೆಂಡಿಗೆ ನೂರಾರು ಸಲ ಏರಿಸಿ ಇಳಿಸುತ್ತದೆ. ಹಾಗೆ ಹುಟ್ಟಿದ ಸದ್ದು ಮೊದಲಿಗೆ ಒರಟೊರಟು, ಜೇನ್ನೊಣ ತಗಡಿನ ಡಬ್ಬಿಯೊಳಗೆ ಸಿಕ್ಕಿಕೊಂಡ ಹಾಗೆ. ಅದನ್ನು ಮುಂದೆ ಫಿಲ್ಟರಿಗೆ ಕಳಿಸುತ್ತಾರೆ. ಫಿಲ್ಟರ್ ಅಂದರೆ ಜರಡಿ, ಬೇರೇನಲ್ಲ. ನುಡಿಸುತ್ತಿರುವಾಗಲೇ ಇದರ ಕಣ್ಣನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಕುಗ್ಗಿಸಿದರೆ ಚೂಪು ಸದ್ದೆಲ್ಲ ಮೇಲೇ ಉಳಿದು ಮೆತ್ತನೆಯದು ಮಾತ್ರ ಕೆಳಗಿಳಿಯುತ್ತದೆ. ಕೀ ಒತ್ತಿದಾಗ ಸದ್ದು ಎಷ್ಟು ಬೇಗ ಏಳಬೇಕು, ಬಿಟ್ಟಾಗ ಎಷ್ಟು ಹೊತ್ತಿಗೆ ಆರಬೇಕು ಎಂಬುದಕ್ಕೆ ಬೇರೆ ಸ್ಲೈಡರುಗಳಿವೆ. ಇಂಥ ಸರಂಜಾಮು ಒಳಗೆ ಆರು ಜೊತೆ ಇರುವುದರಿಂದ ಒಟ್ಟಿಗೆ ಆರು ಸ್ವರ ನುಡಿಸಬಹುದು. ಆರು ಕೊರಳು. ಏಳನೆಯ ಸ್ವರಕ್ಕೆ ಬೇರೆ ಕೊರಳಿಲ್ಲ, ತುಂಬಿದ ಬಸ್ಸಿನ ಸೀಟಿನ ಹಾಗೆ.

ಅನಲಾಗ್ ಎಂದೊಡನೆ ಕೈಮುಗಿಯುವವರಿಗೆ ಒಂದು ಕಸಿವಿಸಿಯ ಸಂಗತಿಯಿದೆ. ಜುನೋ ಪೂರ್ತಿ ಅನಲಾಗ್ ಅಲ್ಲ. ಹಳೆಯ ಸಿಂಥಸೈಜರುಗಳಲ್ಲಿ ಸ್ವರದ ಎತ್ತರವನ್ನು ನಿರ್ಧರಿಸುತ್ತಿದ್ದದ್ದು ವೋಲ್ಟೇಜ್, ಒಂದು ವೋಲ್ಟ್ ಏರಿದರೆ ಒಂದು ಸ್ಥಾಯಿ ಮೇಲಕ್ಕೆ. ಆ ಲೆಕ್ಕ ನೋಡಿಕೊಳ್ಳುವ ಟ್ರಾನ್ಸಿಸ್ಟರುಗಳಿಗೆ ಸೆಕೆ ತಡೆಯುವುದಿಲ್ಲ. ರಂಗದ ದೀಪ ಅರ್ಧ ಗಂಟೆ ಉರಿದರೆ ಶ್ರುತಿ ಜಾರುತ್ತದೆ. ಬಾಬ್ ಮೂಗ್ ಅವರ ಕಂಪನಿ 1970ರಲ್ಲಿ ತಂದ ಮಿನಿಮೂಗ್ ಇಟ್ಟುಕೊಂಡವರೆಲ್ಲ ಈ ಕಾಟ ಉಂಡವರೇ. ಜುನೋದಲ್ಲಿ ಅಲೆ ಅನಲಾಗ್ ಆದರೂ ಅದು ಎಷ್ಟು ಹೊತ್ತಿಗೊಮ್ಮೆ ಮರಳಿ ಶುರುವಾಗಬೇಕೆಂದು ತಾಳ ಹಾಕುವುದು ಡಿಜಿಟಲ್ ಗಡಿಯಾರ. ಅದಕ್ಕೇ ಏಪ್ರಿಲ್ ತಿಂಗಳ ರಿಹರ್ಸಲ್ಲಿನಲ್ಲೂ ಶ್ರುತಿ ಬಿಡುವುದಿಲ್ಲ. ಶುದ್ಧ ಅನಲಾಗ್ ಬೇಕೆನ್ನುವವರು ಮೂಗು ಮುರಿಯಲಿ, ನಾಟಕದವನಿಗೆ ಇದು ವರ.

ಇನ್ನು ಅದರ ಕೋರಸ್. ಜುನೋ ಜನಪ್ರಿಯವಾದದ್ದೇ ಆ ಎರಡು ಬಟನ್ನುಗಳಿಂದ. ಒಳಗಿರುವ ಚಿಪ್ಪಿನ ಬಗೆಯನ್ನು ಇಂಗ್ಲಿಷಿನಲ್ಲಿ ಬಕೆಟ್ ಬ್ರಿಗೇಡ್ ಅನ್ನುತ್ತಾರೆ. ಊರಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಬಾವಿಯಿಂದ ಬಣವೆವರೆಗೆ ಜನ ಸಾಲಾಗಿ ನಿಂತು ಕೊಡ ದಾಟಿಸುವುದಿಲ್ಲವೇ, ಅದೇ. ಸದ್ದಿನ ಪಾಲನ್ನು 256 ಮನೆಗಳು ಒಂದರಿಂದ ಒಂದಕ್ಕೆ ದಾಟಿಸುವಷ್ಟರಲ್ಲಿ ಕೂದಲೆಳೆಯಷ್ಟು ತಡವಾಗುತ್ತದೆ. ತಡವಾದ ಸದ್ದನ್ನು ಮೂಲದ ಜೊತೆ ಬೆರೆಸಿ, ಆ ತಡವನ್ನೂ ತುಸು ಹೆಚ್ಚುಕಡಿಮೆ ಮಾಡುತ್ತಿದ್ದರೆ ಒಬ್ಬ ಹಾಡಿದ್ದು ನಾಲ್ಕು ಜನ ಹಾಡಿದಂತಾಗುತ್ತದೆ. ಕೊಡದಿಂದ ನೀರು ತುಳುಕಿದ ಹಾಗೆ ಸ್ವಲ್ಪ ‘ಸ್ಸ್’ ಎಂಬ ಗಾಳಿಸದ್ದೂ ಸೇರುತ್ತದೆ. ರೆಕಾರ್ಡಿಂಗ್ ಮಾಡುವವರು ಅದಕ್ಕೆ ಬೈಯುತ್ತಾರೆ. ನನಗೇನೋ ಕೇಳಿ ಕೇಳಿ ಅದು ಇಲ್ಲದಿದ್ದರೆ ಪೆಟ್ಟಿಗೆ ಆನ್ ಆಗಿಲ್ಲ ಅನಿಸುತ್ತದೆ.

ಇಂಥದ್ದನ್ನು ಮಾರುವ ಯೋಚನೆಯಾದರೂ ಯಾಕೆ? ಆ ದುಡ್ಡಿಗೆ ನನಗೆ ಬೇಕಾದದ್ದು ಬಹಳವಿದೆ. ಒಂದು ಜೊತೆ ಒಳ್ಳೆಯ ಸ್ಟುಡಿಯೋ ಸ್ಪೀಕರ್, ಕಂಪ್ಯೂಟರಿಗೆ ಧ್ವನಿ ಸೇರಿಸುವ ಇಂಟರ್ಫೇಸ್, ಹೊರಗೆ ಹೋಗಿ ಸದ್ದು ಹಿಡಿಯಲು ರೆಕಾರ್ಡರ್, ಜೊತೆಗೆ ಒತ್ತಡ ಅರಿಯುವ ಕೀಬೋರ್ಡ್. ಜುನೋದ ಕೀಗಳಿಗೆ ಮೆಲ್ಲಗೆ ಒತ್ತಿದ್ದೂ ಜೋರಾಗಿ ಒತ್ತಿದ್ದೂ ಒಂದೇ.

ಹೊಸ ಸಾಮಾನು ಕೊಂಡರೆ ಹೊಸ ಸಂಗೀತ ತಾನಾಗಿ ಬಂದೀತು ಎಂಬ ಈ ಕಾಯಿಲೆಗೆ ಪಾಶ್ಚಾತ್ಯ ವಾದಕರು ಇಟ್ಟ ಹೆಸರು ಗಿಯರ್ ಅಕ್ವಿಸಿಷನ್ ಸಿಂಡ್ರೋಮ್, ಚಿಕ್ಕದಾಗಿ ಗ್ಯಾಸ್. ನಮ್ಮಲ್ಲಿ ಗ್ಯಾಸ್ ಅಂದರೆ ಬೇರೆಯೇ ತೊಂದರೆ, ಆದರೂ ಲಕ್ಷಣ ಹೊಂದುತ್ತದೆ: ಹೊಟ್ಟೆ ತುಂಬಿದೆ ಅನಿಸುತ್ತದೆ, ತುಂಬಿರುವುದಿಲ್ಲ. ನನ್ನ ಪಟ್ಟಿಯನ್ನು ನಾನೇ ಅನುಮಾನದಿಂದ ನೋಡಿ ಕೀಬೋರ್ಡನ್ನು ಹೊಡೆದುಹಾಕಿದೆ, ರೆಕಾರ್ಡರನ್ನೂ ಇಂಟರ್ಫೇಸನ್ನೂ ಹೊಡೆದುಹಾಕಿದೆ. ಸ್ಪೀಕರ್ ಮಾತ್ರ ಹೋಗಲಿಲ್ಲ. ಕೇಳುವವನ ಕಿವಿಗೆ ತಲುಪುವುದು ಸ್ಪೀಕರಿನಿಂದ ಬಂದದ್ದು ಮಾತ್ರ, ಅದರ ಹಿಂದೆ ಯಾವ ಪೆಟ್ಟಿಗೆಯಿದೆ ಎಂಬುದು ಅವನಿಗೆ ಕಾಣುವುದಿಲ್ಲ. ನಾನು ಮನೆಯಲ್ಲಿ ಸದ್ದು ಹದ ಮಾಡುವ ಸ್ಪೀಕರಿಗೆ ಕೆಳಸ್ಥಾಯಿಯೇ ಇಲ್ಲ. ಇಲ್ಲಿ ಗುಡುಗಾಗಿ ಕೇಳಿದ್ದು ಸಭಾಂಗಣದಲ್ಲಿ ಭೂಕಂಪವಾಗಿದೆ, ಒಂದಲ್ಲ, ಎರಡು ಸಲ.

ಹಳೆಯ ಸಿಂಥಸೈಜರ್ ಮಾರುತ್ತೇನೆ ಎಂದರೆ ಸಾಕು, ಬಲ್ಲವರೆಲ್ಲ ಒಂದೇ ಕಥೆ ಶುರುಮಾಡುತ್ತಾರೆ. 1983ರಲ್ಲಿ ಯಮಾಹಾ ಡಿಎಕ್ಸ್7 ಬಂತು. ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ ಕಂಡುಹಿಡಿದ ಎಫ್‌ಎಂ ವಿಧಾನದಲ್ಲಿ ಸದ್ದು ಹುಟ್ಟಿಸುವ ಡಿಜಿಟಲ್ ಯಂತ್ರ. ಹದಿನಾರು ಸ್ವರ ಒಟ್ಟಿಗೆ, ಬೆರಳಿನ ಒತ್ತಡಕ್ಕೆ ಸ್ಪಂದಿಸುವ ಕೀ, ಗಂಟೆಯಂಥ ಸ್ಫುಟ ನಾದ. ಅದೇ ವರ್ಷ ಬೇರೆ ಬೇರೆ ಕಂಪನಿಗಳ ಯಂತ್ರಗಳು ಪರಸ್ಪರ ಮಾತಾಡಿಕೊಳ್ಳಲು ಮಿಡಿ ಎಂಬ ಒಪ್ಪಂದವೂ ಬಂತು. ಮಿಡಿ ಇಲ್ಲದ ಹಳೆಯ ಅನಲಾಗ್ ಯಂತ್ರಗಳು ರಾತ್ರೋರಾತ್ರಿ ಮುದಿಯಾದವು. ಇಂದು ಮ್ಯೂಸಿಯಂ ವಸ್ತುವಿನಂತೆ ಕಾಯುವ ಮಿನಿಮೂಗ್, ಪ್ರಾಫೆಟ್-5ಗಳನ್ನು ಜನ ಸಿಕ್ಕಿದ ಬೆಲೆಗೆ ಮಾರಿ ಕೈತೊಳೆದುಕೊಂಡರು. ಹತ್ತು ಹದಿನೈದು ವರ್ಷದಲ್ಲಿ ಅವುಗಳ ಬೆಲೆ ಮತ್ತೆ ಗಗನಕ್ಕೇರಿತು. ‘ಮಾರಿ ಕೆಟ್ಟರು’ ಎಂದು ಕಥೆ ಮುಗಿಯುತ್ತದೆ.

ನನಗೆ ಈ ಕಥೆಯ ಅರ್ಧಭಾಗ ಯಾರೋ ಹರಿದುಕೊಂಡ ಹಾಗೆ ಕಾಣುತ್ತದೆ. ಮಾರಿದವರು ಇದ್ದರೆ ಕೊಂಡವರೂ ಇದ್ದರಲ್ಲ?

ರೋಲ್ಯಾಂಡಿನದೇ ಟಿಬಿ-303 ನೋಡಿ. ಒಬ್ಬಂಟಿ ಗಿಟಾರ್ ವಾದಕರಿಗೆ ಬಾಸ್ ನುಡಿಸುವ ಜೊತೆಗಾರ ಇರಲಿ ಎಂದು 1980ರ ದಶಕದ ಆರಂಭದಲ್ಲಿ ಮಾಡಿದ ಬೆಳ್ಳಿ ಬಣ್ಣದ ಪುಟ್ಟ ಡಬ್ಬಿ. ನಿಜವಾದ ಬಾಸಿನ ಹಾಗೆ ಕೇಳಲೇ ಇಲ್ಲ. ಮಾರಾಟವಾಗದೆ 1984ಕ್ಕೆ ನಿಂತೇಹೋಯಿತು, ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಧೂಳು ತಿನ್ನತೊಡಗಿತು. ಹಾಗೆ ಅಗ್ಗವಾದದ್ದಕ್ಕೇ ಅದು ಶಿಕಾಗೋದ ಕೈಖಾಲಿ ಹುಡುಗರ ಕೈಸೇರಿತು. ಫ್ಯೂಚರ್ ಎಂಬ ತಂಡದ ಮೂವರು ಅದರ ಗುಂಡಿಗಳನ್ನು ತಿರುಚಾಡಿ ತೆಗೆದ ಕಿರುಗುಡುವ ಸದ್ದಿನಿಂದ 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ಬಂತು, ಆಸಿಡ್ ಹೌಸ್ ಎಂಬ ಸಂಗೀತವೇ ಹುಟ್ಟಿತು. ಮೊದಲು ಕೊಂಡವರೆಲ್ಲ ‘ನೆನಪಿಗಿರಲಿ’ ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೆ?

ಅದಕ್ಕೂ ಮೊದಲೇ ಮುಂಬೈಯಲ್ಲಿ ಒಬ್ಬರು ಅದೇ ಡಬ್ಬಿ ಹಿಡಿದಿದ್ದರು. ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ದುಡಿದ ಚರಣ್‌ಜಿತ್ ಸಿಂಗ್. ಟಿಬಿ-303, ಟಿಆರ್-808 ಎಂಬ ತಾಳಯಂತ್ರ, ಜುಪಿಟರ್-8 ಸಿಂಥಸೈಜರ್, ಈ ಮೂರನ್ನಿಟ್ಟುಕೊಂಡು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ರೆಕಾರ್ಡ್ ಮಾಡಿದರು. ಆಗ ಯಾರೂ ಕಿವಿಗೊಡಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ಶಿಕಾಗೋದವರಿಗಿಂತ ಐದು ವರ್ಷ ಮೊದಲೇ ಅದೇ ಜಾಡಿನ ಸದ್ದು ಇಲ್ಲಿ ಬಂದಿತ್ತಲ್ಲ ಎಂದು ಯುರೋಪಿನವರು ಬೆರಗಾದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಕಥೆಯೂ ಇಂಥದೇ. ಅಮೆರಿಕದ ಡೇವಿಡ್ ಟ್ಯೂಡರ್ 1969ರಲ್ಲಿ ಅಲ್ಲಿ ಮೂಗ್ ಯಂತ್ರವನ್ನು ಜೋಡಿಸಿಕೊಟ್ಟರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮೊದಲಾದವರು ಕೆಲವೇ ವರ್ಷ ಅದರ ಮೇಲೆ ಕೆಲಸ ಮಾಡಿದರು. ಸಂಸ್ಥೆಯ ಸಂಗ್ರಹದಲ್ಲಿ ಮಲಗಿದ್ದ ಟೇಪುಗಳನ್ನು ಪಾಲ್ ಪರ್ಗಾಸ್ ಹುಡುಕಿ ತೆಗೆದು 2023ರಲ್ಲಿ ಹೊರತಂದರು. ಈಗ ಜನ ಕೇಳುತ್ತಿರುವುದು ಆ ಟೇಪುಗಳನ್ನು, ಯಂತ್ರವನ್ನಲ್ಲ.

ಹಾಗಾಗಿ ‘ಮಾರಿದರೆ ಪಶ್ಚಾತ್ತಾಪ ಪಡ್ತೀಯ’ ಎಂಬ ಮಾತಿಗೆ ನಾನು ಹೆದರುವುದನ್ನು ಬಿಟ್ಟೆ. ಆರ್ಕೆಸ್ಟ್ರಾ ಮೇಷ್ಟರು ಎಂಟು ಸಾವಿರಕ್ಕೆ ಮಾರಿ ಕೆಟ್ಟರೇ? ಹೊಸ ಕೀಬೋರ್ಡಿನಲ್ಲಿ ಅವರು ಮಗಳ ಮದುವೆ ಮಾಡುವಷ್ಟು ಕಾರ್ಯಕ್ರಮ ಹೊಡೆದರು.

ಬೆಲೆಯ ಬಗ್ಗೆಯೂ ನನ್ನ ಮನಸ್ಸನ್ನು ನಂಬುವಂತಿಲ್ಲ. ಡೇನಿಯಲ್ ಕಾಹ್ನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಯೋಗವೊಂದಿದೆ. ಅರ್ಧ ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು ಎಷ್ಟಕ್ಕೆ ಮಾರುತ್ತೀರಿ ಎಂದರು, ಉಳಿದವರಿಗೆ ಎಷ್ಟಕ್ಕೆ ಕೊಳ್ಳುತ್ತೀರಿ ಎಂದರು. ಮಗ್ ಕೈಗೆ ಬಂದು ಸ್ವಲ್ಪವೇ ಹೊತ್ತಾಗಿದ್ದರೂ ಮಾರುವವರು ಹೇಳಿದ ಬೆಲೆ ಕೊಳ್ಳುವವರದಕ್ಕಿಂತ ಸುಮಾರು ಇಮ್ಮಡಿ. ಸ್ವಲ್ಪ ಹೊತ್ತಿನ ಮಗ್ಗಿಗೇ ಹೀಗಾದರೆ ಮೂವತ್ತು ವರ್ಷದ ಪೆಟ್ಟಿಗೆಗೆ ನಾನು ಕಟ್ಟುವ ಬೆಲೆ ಎಲ್ಲಿ ನಿಂತೀತು? ಅದಕ್ಕೆ ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಂಡೆ: ಇವತ್ತು ಇದು ನನ್ನಲ್ಲಿ ಇಲ್ಲ, ಕೈಯಲ್ಲಿ ಒಂದು ಮೂವತ್ತು ನಗದಿದೆ, ಹೋಗಿ ಜುನೋ ತರುತ್ತೇನೆಯೇ? ಇಲ್ಲ. ಸ್ಪೀಕರ್ ತರುತ್ತೇನೆ. ಉತ್ತರ ಅಷ್ಟು ಬೇಗ ಬಂದದ್ದಕ್ಕೆ ಒಂದು ದಿನ ಮಂಕಾಗಿದ್ದೆ.

ಆದರೆ ಇದರಲ್ಲೂ ಒಂದು ತೊಡಕಿದೆ. ಸ್ಪೀಕರನ್ನು ಇವತ್ತಲ್ಲದಿದ್ದರೆ ಯುಗಾದಿಗೆ, ಇಲ್ಲವೇ ದಸರೆಗೆ ತರಬಹುದು. ಮಾರಿದ ಜುನೋ ಹಾಗಲ್ಲ. ನಮ್ಮ ದೇಶದಲ್ಲಿ ಇವು ಕೈಗೆಣಿಕೆಯಷ್ಟು. ಹೊರಗಿಂದ ತರಿಸಿದರೆ ಸಾಗಣೆ, ಸುಂಕ ಎಲ್ಲ ಸೇರಿ ಮಾರಿದ ಬೆಲೆಗೆ ಮರಳಿ ಸಿಗುವ ಮಾತೇ ಇಲ್ಲ. ಜಪಾನಿನಿಂದ ಬಂದರೆ 100 ವೋಲ್ಟಿನದು, ಅಮೆರಿಕದಿಂದ ಬಂದರೆ 120ರದು. ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಹೊಗೆ. ಇಟ್ಟಿಗೆಯಂಥ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರನ್ನು ಎಸ್.ಪಿ. ರೋಡಿನಿಂದ ತಂದು ಜೀವಮಾನವಿಡೀ ಜೊತೆಗೆ ಹೊರಬೇಕು. ಒಂದು ದಾರಿ ಹೋಗಿ ಬರುವ ದಾರಿ, ಇನ್ನೊಂದು ಹೋಗುವ ದಾರಿ ಮಾತ್ರ. ಇಟ್ಟುಕೊಳ್ಳುವ ಪರವಾಗಿ ನನಗೆ ಸಿಕ್ಕ ಗಟ್ಟಿ ವಾದ ಇದೊಂದೇ, ಉಳಿದದ್ದೆಲ್ಲ ಮೋಹ.

‘ಸದ್ದು?’ ಎಂದು ಕೇಳುತ್ತೀರಿ. ಆ ಪರೀಕ್ಷೆಯೂ ಆಯಿತು. ಜುನೋದ ತದ್ರೂಪಿನ ಸಾಫ್ಟ್‌ವೇರುಗಳು ಹಲವು ಇವೆ, ರೋಲ್ಯಾಂಡ್ ತಾನೇ ಒಂದನ್ನು ಮಾರುತ್ತದೆ. ಗೆಳೆಯನೊಬ್ಬ ನನ್ನನ್ನು ಗೋಡೆಗೆ ಮುಖಮಾಡಿ ಕೂರಿಸಿ ಎರಡನ್ನೂ ಹತ್ತು ಸಲ ಕೇಳಿಸಿದ. ಐದು ಸಲ ತಪ್ಪು ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಸರಿಯಾಗುತ್ತಿತ್ತು.

ಸದ್ದಿನಲ್ಲಿ ಸೋತ ಮೇಲೂ ಒಂದು ವಿಷಯ ಉಳಿದುಕೊಂಡಿತು. ಹೋದ ತಿಂಗಳು ಒಂದು ನಾಟಕಕ್ಕೆ ಬೇಕಂತಲೇ ಜುನೋ ಒಯ್ಯಲಿಲ್ಲ, ಲ್ಯಾಪ್‌ಟಾಪ್ ಒಂದನ್ನೇ ಒಯ್ದೆ. ರಿಹರ್ಸಲ್ಲಿನಲ್ಲಿ ನಿರ್ದೇಶಕರು ‘ಇಲ್ಲೊಂದು ಮಳೆ ಕೊಡಿ’ ಎಂದರು. ನನ್ನ ಬಳಿ ರೆಕಾರ್ಡ್ ಮಾಡಿದ ನಲವತ್ತು ಮಳೆಗಳಿದ್ದವು. ತಗಡಿನ ಮೇಲಿನದು, ಎಲೆಗಳ ಮೇಲಿನದು, ಆಗುಂಬೆಯದು, ಯಾವ ಊರಿನದೋ. ಒಂದೊಂದೇ ಕೇಳಿಸುತ್ತ ಕೂತೆ. ‘ಇದಲ್ಲ, ಇನ್ನೊಂಚೂರು ದೂರದ ಮಳೆ’ ಎನ್ನುತ್ತ ಅವರು ನಿಂತರು, ನಟರು ಟೀ ಕುಡಿಯಲು ಹೋದರು. ಜುನೋದಲ್ಲಿ ನಾಯ್ಸ್ ಎಂಬ ಸ್ಲೈಡರಿದೆ. ಅದನ್ನು ಏರಿಸಿದರೆ ಬರೀ ‘ಶ್ಶ್’. ಫಿಲ್ಟರ್ ತುಸು ಮುಚ್ಚಿದರೆ ದೂರದ ಮಳೆ, ತೆರೆದರೆ ಅಂಗಳದ ಮಳೆ. ನಟಿ ಮಾತಿಗೆ ನಿಂತರೆ ಮಳೆಯೂ ತಗ್ಗುತ್ತದೆ, ಅವಳು ಎದ್ದು ಬಾಗಿಲಿಗೆ ಹೋದರೆ ಮಳೆ ಎದುರು ಬರುತ್ತದೆ. ಅದು ಆಗುಂಬೆಯ ಮಳೆಯಲ್ಲ ನಿಜ. ಆದರೆ ಅಲ್ಲಿ ನಾನು ಮಳೆಯನ್ನು ಆರಿಸುವುದಿಲ್ಲ, ನುಡಿಸುತ್ತೇನೆ. ಒಂದು ಸ್ಲೈಡರಿಗೆ ಒಂದೇ ಕೆಲಸ, ಎಲ್ಲವೂ ಕಣ್ಣೆದುರಿಗೆ, ಬೆರಳಿಗೆ ಕತ್ತಲೆಯಲ್ಲೂ ದಾರಿ ಗೊತ್ತು.

ನಾಟಕ ಕೊನೆಗೆ ಮೂವತ್ತೊಂದನೇ ಮಳೆಯಲ್ಲಿ ನಡೆಯಿತು. ಪ್ರೇಕ್ಷಕರಿಗೆ ಏನೂ ವ್ಯತ್ಯಾಸವಾಗಲಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಇಟ್ಟುಕೊಳ್ಳುವುದೆಂದರೆ ಸುಮ್ಮನೆ ಇರುವುದು ಎಂದು ನಾವು ತಿಳಿಯುತ್ತೇವೆ. ಹಾಗಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಶ್ರುತಿಪೆಟ್ಟಿಗೆ ಬಂದ ಮೇಲೆ ತಂಬೂರಿ ಗವುಸು ಹೊದ್ದು ಮೂಲೆ ಸೇರಿತು. ಯಾರೂ ಮಾರಲಿಲ್ಲ, ಯಾರೂ ಮೀಟಲಿಲ್ಲ. ಒಂದು ದಿನ ನೋಡಿದರೆ ಬುರುಡೆ ಸೀಳಿತ್ತು. ಸಿಂಥಸೈಜರಿನ ಮುಪ್ಪು ಇನ್ನೂ ಕಳ್ಳತನದ್ದು. ಕೆಪ್ಯಾಸಿಟರುಗಳೊಳಗಿನ ದ್ರವ ಒಣಗುತ್ತದೆ, ಸ್ಲೈಡರಿನೊಳಗೆ ಧೂಳು ಕೂರುತ್ತದೆ, ನೆನಪನ್ನು ಕಾಯುವ ಬಿಲ್ಲೆ ಬ್ಯಾಟರಿ ಒಂದು ದಿನ ಸದ್ದಿಲ್ಲದೆ ಕಣ್ಣುಮುಚ್ಚುತ್ತದೆ. ಜುನೋದಲ್ಲಿ 128 ಧ್ವನಿಗಳನ್ನು ಉಳಿಸಿಡುವ ಜಾಗವಿದೆ. ಎ ಗುಂಪಿನ ಮೂರನೇ ಸಾಲಿನ ಏಳನೆಯದು ನನ್ನ ಮಳೆ.

ಮಾರಿದರೂ ಮಾರದಿದ್ದರೂ ಆ ಧ್ವನಿಗಳನ್ನು ಕಾಪಿಡೋಣವೆಂದು ಹೋದ ವಾರ ಕೂತೆ. ಹಳೆಯ ಕಾಲದ ವ್ಯವಸ್ಥೆ ಅದು, ಧ್ವನಿಗಳ ಅಂಕಿಅಂಶವನ್ನು ಯಂತ್ರವೇ ಕೀರಲು ಸದ್ದಾಗಿ ಒದರುತ್ತದೆ, ನಾವದನ್ನು ಕ್ಯಾಸೆಟ್ಟಿನಲ್ಲಿ ಹಿಡಿಯಬೇಕು. ಹಿಡಿಯುವ ಮುಂಚೆ ಒಂದೊಂದು ಧ್ವನಿಯನ್ನೂ ನುಡಿಸಿ ನೋಡುತ್ತಿದ್ದೆ. ನಡುನಡುವೆ ಒಂದು ಸ್ವರ ‘ಕರ್ರ್’ ಎಂದಿತು. ಕೀ ಹಾಳಾಗಿದೆಯೆಂದು ಬೇರೆ ಕೀ ಒತ್ತಿದೆ. ಸರಿಯಾಗಿತ್ತು. ಇನ್ನೂ ಕೆಲವು ಕೀ ದಾಟಿ ಮತ್ತೆ ಕರ್ರ್. ಎಣಿಸಿದೆ: ಪ್ರತಿ ಆರನೆಯದು.

ಜುನೋವನ್ನು ಪರೀಕ್ಷೆಗೆ ಒಡ್ಡುವ ಒಂದು ಗುಟ್ಟಿದೆ. ಕೀ ಟ್ರಾನ್ಸ್‌ಪೋಸ್ ಬಟನ್ ಒತ್ತಿಹಿಡಿದು ಆನ್ ಮಾಡಿದರೆ, ಈಗ ಹಾಡುತ್ತಿರುವುದು ಎಷ್ಟನೇ ಕೊರಳು ಎಂದು ಪುಟ್ಟ ಪರದೆಯಲ್ಲಿ ಅಂಕಿ ಮೂಡುತ್ತದೆ. ಸ್ವರಗಳನ್ನು ಒಂದೊಂದಾಗಿ ಒತ್ತುತ್ತ ಹೋದೆ. ಒಂದು, ಎರಡು, ಮೂರು, ನಾಲ್ಕು ಚೆನ್ನಾಗಿದ್ದವು. ಐದಕ್ಕೆ ಗಂಟಲು ಕಟ್ಟಿತ್ತು. ನಲವತ್ತು ವರ್ಷ ದುಡಿದ ವಸ್ತು, ಯಾರನ್ನು ದೂರುವುದು. ಪ್ರತಿ ಕೊರಳಿಗೂ ಒಂದರಂತೆ ಫಿಲ್ಟರಿನ ಚಿಪ್ ಇರುತ್ತದೆ. ಅದರ ಮೇಲಿನ ಕಪ್ಪು ಅಂಟಿನ ಲೇಪ ವರ್ಷಗಳು ಕಳೆದಂತೆ ಕೆಟ್ಟು, ಹರಿಯಬಾರದ ಕಡೆ ಕರೆಂಟು ಜಿನುಗುತ್ತದೆ. ರಿಪೇರಿಯವರೆಲ್ಲ ಬಲ್ಲ ಮದ್ದೆಂದರೆ ಚಿಪ್ಪನ್ನು ಬೆಸುಗೆ ಬಿಡಿಸಿ ತೆಗೆದು, ಅಸಿಟೋನಿನಲ್ಲಿ ಒಂದೆರಡು ದಿನ ಮುಳುಗಿಸಿಟ್ಟು, ಮೆತ್ತಗಾದ ಲೇಪವನ್ನು ಹುಷಾರಾಗಿ ಸುಲಿದು, ಮತ್ತೆ ಕೂರಿಸಿ ಹದ ಮಾಡುವುದು.

ಮಾರುವುದಾದರೆ ಕಟ್ಟಿದ ಗಂಟಲಿನ ಪೆಟ್ಟಿಗೆಯನ್ನು ಹುಡುಗನ ಕೈಗೆ ಕೊಡಲಾಗದು. ಇಟ್ಟುಕೊಳ್ಳುವುದಾದರೆ ಐದೇ ಕೊರಳಿನಲ್ಲಿ ನುಡಿಸಲಾಗದು. ಎರಡಕ್ಕೂ ಇದೇ ಕೆಲಸ. ಭಾನುವಾರ ಬೆಳಿಗ್ಗೆ ಮುಚ್ಚಳ ಬಿಚ್ಚಿದೆ. ಒಳಗೆ ಆರು ಚಿಪ್ಪುಗಳೂ ಒಂದೇ ಸಾಲಿನಲ್ಲಿ, ಪಂಕ್ತಿಗೆ ಕೂತ ಹಾಗೆ. ಐದನೆಯದನ್ನು ಉಸಿರು ಬಿಗಿಹಿಡಿದು ಕಿತ್ತೆ. ಖಾಲಿ ಜಾಮ್ ಬಾಟಲಿಗೆ ಅಸಿಟೋನ್ ಸುರಿದು, ಚಿಪ್ ಮುಳುಗಿಸಿ, ಮುಚ್ಚಳ ಬಿಗಿದು ಬಾಲ್ಕನಿಯಲ್ಲಿಟ್ಟೆ. ‘ಉಗುರುಬಣ್ಣ ತೆಗೆಯೋ ವಾಸನೆ ಮನೆಯೆಲ್ಲ’ ಎಂದಳು ನನ್ನಾಕೆ, ಅಡುಗೆಮನೆಯಲ್ಲಿ ದೋಸೆಗೆ ಉದ್ದು ತೊಳೆಯುತ್ತ.

ಅಷ್ಟರಲ್ಲಿ ಹುಡುಗನ ಫೋನು. ‘ಸಾರ್, ಏನಾಯ್ತು? ಏನಾದ್ರೂ ತೀರ್ಮಾನ ಮಾಡಿದ್ರಾ?’

‘ನೆನೆಹಾಕಿದ್ದೀನಪ್ಪ’ ಎಂದೆ.